ಮುನಿಯಲ್ಲಮ್ಮ ಕಿತ್ತುಹಾಕಿದ ಎರಡು ಸಾಲು

ಬೆಳಗಿನ ಆರೂವರೆ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಹತ್ತಿರ, ಬಲೆ ಹೊದಿಸಿದ ನೆಟ್‌ಹೌಸಿನೊಳಗಿನ ಟೊಮೆಟೊ ಸಾಲಿನಲ್ಲಿ ಮುನಿಯಲ್ಲಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬೆರಳಲ್ಲೊಂದು ಉಂಗುರ, ಅದರಲ್ಲಿ ಹರಳಿನ ಬದಲು ಪುಟ್ಟ ಬಟ್ಟಲು, ಬಟ್ಟಲ ತುಂಬ ತಿಳಿಹಳದಿ ಪುಡಿ. ಬೇರೊಂದು ತಳಿಯ ಗಿಡದಿಂದ ತಂದ ಪರಾಗ ಅದು. ಹೂವು ಬಾಗಿಸಿ ಅದರ ತುದಿಯನ್ನು ಬಟ್ಟಲಿಗೆ ಮುಟ್ಟಿಸುತ್ತಾರೆ, ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ, ಮುಂದಕ್ಕೆ ಸರಿಯುತ್ತಾರೆ. ಕತ್ತರಿಸುವುದು ಗುರುತಿಗೆ: ಇದರ ಹಣ್ಣಿನಿಂದ ಬೀಜ ತೆಗೆಯಬಹುದು ಎಂದು. ಹನ್ನೊಂದು ಗಂಟೆಯೊಳಗೆ ಐನೂರು ಹೂವು ದಾಟುತ್ತದೆ.

‘ಸ್ವಕೀಯ ಪರಾಗಸ್ಪರ್ಶಕ್ಕೂ ಪರಕೀಯ ಪರಾಗಸ್ಪರ್ಶಕ್ಕೂ ಇರುವ ವ್ಯತ್ಯಾಸ ತಿಳಿಸಿ’ ಎಂಬ ಪ್ರಶ್ನೆಗೆ ಉರು ಹೊಡೆದು ಐದು ಅಂಕ ಗಿಟ್ಟಿಸಿದವನು ನಾನು. ಹೂವನ್ನು ಬಿಡಿಸಿ ನೋಡಿದ್ದು ಮಾತ್ರ ಈಗಲೇ, ನಲವತ್ತೆಂಟನೇ ವಯಸ್ಸಿನಲ್ಲಿ. ನಾಚಿಕೆಯಾಯಿತು.

ಮುನಿಯಲ್ಲಮ್ಮ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಹನ್ನೆರಡು ವರ್ಷ ಹಾಗಲಕಾಯಿ ಬೀಜದ ತೋಟಗಳಲ್ಲಿ ದುಡಿದು, ಆರು ವರ್ಷದ ಹಿಂದೆ ಆವಲಪ್ಪನವರ ಈ ತೋಟಕ್ಕೆ ಬಂದರು. ಎಡವಟ್ಟಾಗಿದ್ದು ಆಗಲೇ.

“ಹಾಗಲದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ ಸಾರ್. ಹೆಣ್ಣಿನ ಬುಡದಾಗೆ ಚಿಕ್ಕ ಕಾಯಿ ಇರುತ್ತೆ, ನೋಡಿದ್ ತಕ್ಷಣ ಗೊತ್ತಾಗುತ್ತೆ. ಅರಳಿದ ಹೆಣ್ಣಿಗೆ ಪುಡಿ ಮುಟ್ಟಿಸಿದ್ರೆ ಮುಗೀತು.”

ಟೊಮೆಟೊದಲ್ಲಿ ಹಾಗಲ್ಲ. ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿ. ಬಿಟ್ಟರೆ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆ ಬೀಜ ಎರಡು ತಳಿ ಕೂಡಿದ ಹೈಬ್ರಿಡ್ ಆಗುವುದಿಲ್ಲ. ಅದಕ್ಕೇ ಹಿಂದಿನ ಸಂಜೆ, ಮೊಗ್ಗು ಅರಳುವ ಮೊದಲೇ, ಒಳಗಿನ ಗಂಡು ಭಾಗವನ್ನು ಚಿಮುಟದಿಂದ ಕಿತ್ತಿರಬೇಕು. ಮೊದಲೆರಡು ದಿನ ಮುನಿಯಲ್ಲಮ್ಮನವರಿಗೆ ಕೊಟ್ಟಿದ್ದು ಬೆಳಗಿನ ಕೆಲಸ ಮಾತ್ರ. ಸಂಜೆಯ ಕೆಲಸವನ್ನು ಅವರು ನೋಡಿರಲಿಲ್ಲ. ಬೇರೆಯವರು ಗಂಡು ಭಾಗ ತೆಗೆದಿಟ್ಟ ಹೂವುಗಳನ್ನು ಮುಗಿಸಿ, ಪಕ್ಕದಲ್ಲಿ ತಾವಾಗಿ ಅರಳಿದ್ದವೂ ಹೆಣ್ಣೇ ಎಂದುಕೊಂಡು ಅವಕ್ಕೂ ಪುಡಿ ಮುಟ್ಟಿಸಿ ಎಸಳು ಕತ್ತರಿಸಿಬಿಟ್ಟರು. “ಎಲ್ಲಾರ್ಗಿಂತ ಜಾಸ್ತಿ ಮಾಡ್ದೆ ಅಂತ ಜಂಬ ಬೇರೆ!” ಎಂದು ನಗುತ್ತಾರೆ.

ಮೂರನೇ ಸಂಜೆ ಚಿಮುಟ ಕೈಗೆ ಬಂತು. ಮೊಗ್ಗು ಬಿಡಿಸಿದರೆ ಒಳಗೆ ಗಂಡೂ ಕೂತಿದೆ. “ಅಯ್ಯೋ ದೇವುಡಾ, ಒಂದೇ ಮನೇಲಿ ಗಂಡ ಹೆಂಡ್ತಿ ಇಬ್ರೂ ಇದಾರಲ್ಲೇ ಅಂತ ಪಕ್ಕದ ಸಾಲಿನ ಗಂಗಾಲಕ್ಷ್ಮಿ ಕೈ ಹಿಡ್ಕೊಂಡೆ.”

ತೋಟದ ಯಜಮಾನರಿಗೆ ಇದೇನೂ ಗೊತ್ತಿರಲಿಲ್ಲ. ಸರಿಯಾದ ಹೂವಿಗೂ ತಪ್ಪಾದ ಹೂವಿಗೂ ಒಂದೇ ಗುರುತು. ಹೇಳಿದರೆ ಹೊಸ ಕೆಲಸ ಕೈತಪ್ಪಬಹುದು. ಸುಮ್ಮನಿದ್ದರೆ ಕೆಟ್ಟ ಬೀಜ ಒಳ್ಳೆಯ ಬೀಜದೊಳಗೆ ಬೆರೆತುಹೋಗುತ್ತದೆ. ಮುನಿಯಲ್ಲಮ್ಮ ಹೋಗಿ ಹೇಳಿಯೇಬಿಟ್ಟರು. ಹೂವುಗಳು ಆಗಲೇ ಬಾಡಿ ಮುದುಡಿದ್ದರಿಂದ ಯಾವುದು ಯಾವುದೆಂದು ಖಚಿತವಾಗಿ ಬೇರ್ಪಡಿಸುವಂತಿರಲಿಲ್ಲ. ಹಾಗಾಗಿ ತಾವು ಕೆಲಸ ಮಾಡಿದ್ದ ಎರಡು ಸಾಲಿನಲ್ಲಿ ಗುರುತಿದ್ದ ಹೂವನ್ನೆಲ್ಲ, ತಾವು ಸರಿಯಾಗಿ ಮಾಡಿದ್ದನ್ನೂ ಸೇರಿಸಿ, ಕಿತ್ತುಹಾಕಿದರು.

“ಸಿಟ್ಟು ಬಂತು, ಸುಳ್ಳು ಯಾಕೆ ಹೇಳ್ಲಿ?” ಎನ್ನುತ್ತಾರೆ ಆವಲಪ್ಪ. “ಆಮೇಲೆ ನಾನೂ ಕೂತ್ಕೊಂಡು ಕಿತ್ತೆ. ಆಯಮ್ಮ ಬಾಯಿ ಬಿಡ್ದೇ ಇದ್ದಿದ್ರೆ ಇಡೀ ಲಾಟು ಬೀಜ ಕಲಬೆರಕೆ ಅಂತ ಟೆಸ್ಟಲ್ಲಿ ಫೇಲಾಗ್ತಿತ್ತು. ಮುಂದಿನ ಸೀಸನ್ನಿಗೆ ಮೊದ್ಲು ಕರೆದಿದ್ದೇ ಆಯಮ್ಮನ್ನ.”

ಈಗ ಹೊಸಬರಿಗೆ ಕಲಿಸುವವರು ಅವರೇ. ಒಂದು ಅಂಗೈಯಲ್ಲಿ ಹಾಗಲದ ಹೂವು, ಇನ್ನೊಂದರಲ್ಲಿ ಟೊಮೆಟೊ ಹೂವು ಇಟ್ಟುಕೊಂಡು, “ಮೊದ್ಲು ಇವೆರಡನ್ನೂ ಬಿಡ್ಸಿ ನೋಡ್ರೇ” ಎನ್ನುತ್ತಾರೆ. ನನಗೂ ಅದೇ ಪಾಠವಾಯಿತು. ನನ್ನ ಮೇಷ್ಟ್ರು ಒಂದು ವರ್ಷದಲ್ಲಿ ಹೇಳಿದ್ದು ಇಲ್ಲಿ ಐದು ನಿಮಿಷದಲ್ಲಿ ತಲೆಗೆ ಹೋಯಿತು.

ಬೀಜದ ಪೊಟ್ಟಣದ ಮೇಲೆ ನಿಮ್ಮ ಹೆಸರೂ ಇರಬೇಕಿತ್ತು ಎಂದೆ. ಅವರು ಕೈ ನಿಲ್ಲಿಸದೆ ಹೇಳಿದರು:

“ನನ್ನ ಹೆಸ್ರು ಯಾಕೆ ಸಾರ್? ಅದನ್ನ ಬಿತ್ತೋನು ಯಾರೋ, ಯಾವೂರೋ. ಪೊಟ್ಟಣದ ಮೇಲೆ ಬರ್ದಿರೋ ಹಣ್ಣೇ ಅವನ ಗಿಡದಾಗೆ ಬಂದ್ರೆ ಸಾಕು.”