ಫೈನಲ್ ದಿನ ಮುರಿದ ಉಪವಾಸ

ಗಲ್ಫಿನಲ್ಲಿ, ಬಿನ್ ಒಮ್ರಾನ್ ಬಡಾವಣೆಯಲ್ಲಿ, ನಮ್ಮ ಎದುರು ಬಾಗಿಲಿನವರು ಒಂದು ಕಾಲದಲ್ಲಿ ಮಂಗಳೂರಿನ ಕಾಲೇಜೊಂದರ ಗೋಲ್‌ಕೀಪರ್. ಐವತ್ತು ದಾಟಿದ್ದರೂ ಏನೇ ಕೊಟ್ಟರೂ ಎರಡೂ ಕೈ ಚಾಚಿ, ಎದೆಗೆ ಒತ್ತಿ ಹಿಡಿಯುತ್ತಿದ್ದರು.

ಕಾಲೇಜಿನಲ್ಲಿದ್ದಾಗ ಒಂದು ವರ್ಷ ಅವರ ತಂಡ ಒಂದೂ ಪಂದ್ಯ ಸೋಲದೆ ಫೈನಲ್ ತಲುಪಿತ್ತು. ಫೈನಲ್ ಬಂದದ್ದು ರಂಜಾನಿನಲ್ಲಿ. ವಿರಾಮದಲ್ಲಿ ಕೋಚ್ ನೀರಿನ ಬಾಟಲಿ ಹಿಡಿದು ಗೋಗರೆದಾಗ ಇವರು ಕುಡಿದುಬಿಟ್ಟರು. ಕೊನೆಯ ನಿಮಿಷದಲ್ಲಿ ಚೆಂಡು ಇವರ ಕೈಯಿಂದಲೇ ಜಾರಿ ಗೋಲಾಯಿತು.

“ಅದೂ ಹೋಯ್ತು, ಇದೂ ಹೋಯ್ತು ಅಕ್ಕ,” ಎನ್ನುತ್ತಿದ್ದರು, ಯಾವ ಮಾತಿನ ನಡುವೆಯೂ.

ಮುರಿದ ಆ ಒಂದು ಉಪವಾಸಕ್ಕೆ ಬದಲಾಗಿ ಪ್ರತಿ ಸೋಮವಾರ, ಗುರುವಾರ ಉಪವಾಸ ಹಿಡಿಯುತ್ತಿದ್ದರು.

“ಒಂದಕ್ಕೆ ಒಂದು, ಖಲಾಸ್ ಮಾರಾಯ! ದೇವರೇನು ರೆಫ್ರಿಯಾ, ಸೀಟಿ ಊದ್ತಾ ಕೂತಿರ್ಲಿಕ್ಕೆ?” ಎಂದು ನನ್ನ ಗಂಡ ರೇಗಿಸುತ್ತಿದ್ದರು. ಗೋಲ್‌ಕೀಪರ್ ನಗುತ್ತಿರಲಿಲ್ಲ.

ಅವರು ಇಲ್ಲಿದ್ದ ಕೊನೆಯ ರಂಜಾನಿಗೆ ಮುಂಚೆ ಸಕ್ಕರೆ ಕಾಯಿಲೆ ಕಿಡ್ನಿಯನ್ನು ಹಿಡಿಯಿತು. ಇನ್ನು ಉಪವಾಸ ಕೂಡದು ಎಂದರು ಡಾಕ್ಟರ್. ರಂಜಾನಿನ ಮೊದಲ ಮಧ್ಯಾಹ್ನ ಗಂಡನ ಜೊತೆ ಹೋಗಿ ಗಂಜಿ ಕೊಟ್ಟೆ. ಒಂಟಿ ಮನುಷ್ಯ, ಎದುರೇ ಮನೆ ಇದ್ದದ್ದು ದೇವರ ದಯೆ.

“ರೋಗಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ, ಉಣ್ಣಿ,” ಎಂದೆ.

“ಅವತ್ತು ನಾನು ರೋಗಿ ಆಗಿರ್ಲಿಲ್ಲ ಅಕ್ಕ. ಇನ್ನು ಹೇಗೆ ತೀರಿಸ್ಲಿ?”

ನಾನು ಗಂಜಿಯ ಬಟ್ಟಲನ್ನು ಅವರ ಮುಂದಕ್ಕೆ ಸರಿಸಿದೆ. ಅವರು ಕಿಟಕಿಯ ಪರದೆ ಎಳೆದು, ಗೋಡೆಗೆ ಮುಖ ಮಾಡಿ, ಕದ್ದವರ ಹಾಗೆ ಉಂಡರು. ಉಂಡರಲ್ಲ, ಅಷ್ಟಕ್ಕೇ ಅಲ್‌ಹಮ್ದುಲಿಲ್ಲಾ ಎಂದುಕೊಂಡೆ.