ಗಾಲಿಮನೆಯ ಮೌಲಾಹುಸೇನ
ಯಲಬುರ್ಗಾದ ಮೌಲಾಹುಸೇನ ಮೂವತ್ತು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಹಳೆಯ ಮಿನಿಬಸ್ಸಿನೊಳಗೆ ಮಂಚ, ಒಲೆ ಕೂಡಿಸಿಕೊಂಡು ಹೆಂಡತಿ ಜೋಹರಾಬಿಯೊಡನೆ ಕಡಲದಂಡೆಯ ಹಳ್ಳಿಗಳನ್ನು ಸುತ್ತುತ್ತಾನೆ. ಹೆದ್ದಾರಿ ಕಂಡರೆ ಮುಖ ಸಿಂಡರಿಸುತ್ತಾನೆ. ಬಸ್ಸೇ ಬರದ ಊರಿನ ಓಣಿ ಸಿಕ್ಕರೆ ಹಾರ್ನ್ ಬಾರಿಸಿ ಸಂಭ್ರಮಿಸುತ್ತಾನೆ. ಬಲೆ ಹೊತ್ತು ಎದುರಾದವರನ್ನೆಲ್ಲ, "ಬರ್ರಿ, ನಮ್ಮ ಮನಿಯೊಳಗ ಚಾ ಕುಡೀರಿ" ಎಂದು ಹತ್ತಿಸಿಕೊಳ್ಳುತ್ತಾನೆ. ಸ್ಟಿಯರಿಂಗನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. ಮೊನ್ನೆ ಕಾರವಾರದಾಚೆ ರಸ್ತೆ ಮುಗಿದು ಗಟ್ಟಿ ಮರಳು ಎದುರಾದಾಗ ಜೋಹರಾಬಿ, "ಇಷ್ಟ ವರ್ಷ ನೀವು ಹೋಗೋದನ್ನ ಬಾಗಿಲದಾಗ ನಿಂತು ನೋಡೀನಿ. ಇವತ್ತ ನಾ ಹೊಡೀತೀನ್ರಿ" ಎಂದಳು. ಅವನು ಸೀಟು ಬಿಟ್ಟೆದ್ದ. ಗಾಡಿ ಎರಡು ಸಲ ಜಿಗಿದು ಅಲೆಗಳ ಪಕ್ಕ ಮೆಲ್ಲನೆ ಹೊರಟಿತು. ಮೌಲಾಹುಸೇನ ಬಾಗಿಲಿಗೆ ಜೋತುಬಿದ್ದು, ದಂಡೆಯೆಲ್ಲ ಕೇಳುವಂತೆ, "ರೈಟ್, ರೈಟ್!" ಎಂದು ಕೂಗಿದ.