ಚಿಗುರಿದ ಗೂಟ

ಸ್ಲೇಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಡೆಯುವಷ್ಟು ನಾನು ಚಿಕ್ಕವನಿದ್ದಾಗ, ಮಕ್ಕಳೇ, ನಮಗೂ ಒಂದು ಗದ್ದೆ ಇತ್ತು. ಇದ್ದದ್ದು ಆರು ತಿಂಗಳು ಮಾತ್ರ.

ಅದಕ್ಕೂ ಮೊದಲು ನಾವು ವನಗೂರಿನ ಮೇಲುಗಡೆಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿದ್ದೆವು. ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಒಂದೊಂದೇ ಕೋಣೆಯ ಮನೆಗಳಿಗೆ ಲೈನ್ ಎನ್ನುತ್ತಿದ್ದರು. ನೆಲವಿಲ್ಲದವರಿಗೆ ಸರ್ಕಾರ ತನ್ನ ಜಾಗವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಗುತ್ತಿಗೆಗೆ ಕೊಡುತ್ತದೆ ಎಂದು ಯಾರೋ ಹೇಳಿದರು. ಅಪ್ಪ ಅರ್ಜಿ ಕೊಟ್ಟ. ಎಸ್ಟೇಟಿಗೂ ಹಳ್ಳಕ್ಕೂ ನಡುವೆ ಬಿದ್ದಿದ್ದ ಒಂದು ಎಕರೆ ಕೆಸರು ನೆಲ ನಮಗೆ ಸಿಕ್ಕಿತು. ಅದು ಒಂದು ವರ್ಷದ ಗುತ್ತಿಗೆ. ಭತ್ತವನ್ನೋ ರಾಗಿಯನ್ನೋ ಬೆಳೆದು ತೋರಿಸಿದರೆ ಮುಂದಿನ ವರ್ಷವೂ ನಮಗೇ. ಆದರೆ ಮರ ನೆಡುವಂತಿಲ್ಲ. ಮರ ನೆಟ್ಟವನು ನೆಲ ಬಿಡುವುದಿಲ್ಲ ಎಂದು ಸರ್ಕಾರದವರ ಯೋಚನೆ ಇದ್ದಿರಬೇಕು.

ಅಪ್ಪ ಲೈನಿನ ಮನೆ ಬಿಟ್ಟುಕೊಟ್ಟು, ಗದ್ದೆಯ ತಲೆಯ ಮೇಲೆ ಹುಲ್ಲಿನ ಗುಡಿಸಲು ಕಟ್ಟಿದ. ಎಸ್ಟೇಟಿನ ದನಗಳು ಮೊದಲಿನಿಂದಲೂ ಅಲ್ಲಿ ಮೇಯುತ್ತಿದ್ದವು. ಹಾಗಾಗಿ ಬೇಲಿ ಬೇಕಿತ್ತು. ಕೂಲಿಯವರ ಹಾಜರಿ ಬರೆಯುವ ರೈಟರ್ ಆ ದಿನಗಳಲ್ಲಿ ದಾರಿಯಲ್ಲಿ ಸಿಕ್ಕಿ, "ತೋಟದಾಗೆ ಹಾಲುವಾಣ ಕಡ್ದು ಹಾಕೈತೆ. ಬೇಲಿಗೆ ತಗೊಂಡೋಗು ಮಾರಾಯ, ಸುಮ್ನೆ ಬಿದ್ದವೆ" ಎಂದರು. ಅಪ್ಪ ಅವರಿಗೆ ಕೈ ಮುಗಿದದ್ದನ್ನು ನಾನು ನೋಡಿದೆ. ಮೊದಲ ಮಳೆಗೆ ಆ ಕೊಂಬೆಗಳನ್ನು ಗದ್ದೆಯ ಸುತ್ತ ಊರಿದೆವು. ಅಪ್ಪ ಹಾರೆಯಿಂದ ಕುಳಿ ತೆಗೆದ, ನಾನು ಗೂಟ ಎತ್ತಿ ಕೊಟ್ಟೆ. ಅದರ ತೊಗಟೆಯ ಮುಳ್ಳು ನನ್ನ ಅಂಗೈಗೆ ಚುಚ್ಚಿತ್ತು.

ಹಾಲುವಾಣ ಎಂದರೆ ಕಾಫಿ ಗಿಡಕ್ಕೆ ನೆರಳಾಗಲಿ ಎಂದು ಬೆಳೆಸುವ ಮರ. ಕೊಂಬೆ ಕಡಿದು ಹಸಿ ನೆಲದಲ್ಲಿ ನಿಲ್ಲಿಸಿದರೆ ಸಾಕು, ಬದುಕಿಕೊಳ್ಳುತ್ತದೆ. ಅಪ್ಪನಿಗೆ ಇದು ಗೊತ್ತಿರಲಿಲ್ಲ ಎನ್ನಲಾರೆ. ತೋಟದಲ್ಲಿ ಅವನೇ ಎಷ್ಟೋ ನೆಟ್ಟಿದ್ದ. ಆದರೆ ಬೇಲಿಗೆ ಊರಿದ್ದು ಅವನ ಪಾಲಿಗೆ ಗೂಟ. ಅದು ಚಿಗುರಿದರೂ ಗೂಟವೇ.

ಈಗ ಗದ್ದೆ ಹೋದ ಆ ಬೆಳಗಿನ ಮಾತು. ಭತ್ತ ತೆನೆ ಬಾಗಿ ಹಳದಿಯಾಗಿತ್ತು. ಕೊಯ್ಲಿಗೆ ಇನ್ನು ಹತ್ತು ದಿನ ಎಂದು ಅವ್ವ ಕುಡುಗೋಲನ್ನು ಕಲ್ಲಿಗೆ ಮಸೆಯುತ್ತಿದ್ದಳು. ಅಕ್ಕ ಬದುವಿನ ಮೇಲೆ ಕೂತು, ಗಿಳಿ ಬಂದರೆ ಖಾಲಿ ಡಬ್ಬಿ ಬಡಿಯುತ್ತಿದ್ದಳು. ಗದ್ದೆಯಿಂದ ಹಣ್ಣಾದ ತೆನೆಯ ಬೆಚ್ಚನೆಯ ವಾಸನೆ ಬರುತ್ತಿತ್ತು. ಅದರ ಮೇಲೆ ಇದ್ದಕ್ಕಿದ್ದಂತೆ ಪೆಟ್ರೋಲ್ ವಾಸನೆ ಬಂತು. ಇಳಿಜಾರಿನಲ್ಲಿ ಎಸ್ಟೇಟಿನ ಜೀಪು ನಿಂತಿತ್ತು. ಅದರಿಂದ, ನಮಗೆ ಗುತ್ತಿಗೆ ಕೊಟ್ಟಿದ್ದ ಸರ್ಕಾರಿ ಕಚೇರಿಯ ಸಾಹೇಬರು ಇಳಿದರು. ಅವರ ಹಿಂದೆ ರೈಟರ್ ಇಳಿದರು.

ಸಾಹೇಬರು ತೆನೆಯ ಕಡೆ ನೋಡಲೇ ಇಲ್ಲ. ನೇರವಾಗಿ ಬೇಲಿಯ ಹತ್ತಿರ ಹೋಗಿ ಒಂದು ಚಿಗುರು ಹಿಡಿದರು. ಅದು ನನ್ನ ತೋಳಿನಷ್ಟು ಉದ್ದವಿತ್ತು.

"ಏನಯ್ಯಾ ಇದು?"

"ಗೂಟ ಬುದ್ದಿ. ದನ ನುಗ್ದಂಗೆ ಊರಿರಾದು."

"ಎಲೆ ಬಿಟ್ಟಿರೋ ಗೂಟಾನಾ?"

ಅಪ್ಪ ರೈಟರ ಮುಖ ನೋಡಿದ. ಕೊಟ್ಟವರು ಅವರೇ, ಹೇಳುತ್ತಾರೆ ಎಂದುಕೊಂಡಿದ್ದ. ರೈಟರ್ ಹೇಳಿದ್ದು ಬೇರೆ. "ಬೇಲಿ ಅಂತ ಸುರು ಮಾಡ್ತಾರೆ ಸಾರ್. ನೆರಳು ಬಂದ ಮ್ಯಾಲೆ ಕಾಫಿ ಇಡ್ತಾರೆ. ಆಮೇಲೆ ಎಬ್ಸಕಾಯ್ತದಾ ಇವ್ರನ್ನ?"

ಕೊಡುವಾಗಲೇ ಇದನ್ನು ಯೋಚಿಸಿದ್ದರೋ, ಚಿಗುರು ಕಂಡ ಮೇಲೆ ಹೊಳೆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಂಡದ್ದನ್ನು ಮಾತ್ರ ಹೇಳುತ್ತಿದ್ದೇನೆ.

ಸಾಹೇಬರು ನನ್ನ ಕಡೆ ತಿರುಗಿ, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದರು. "ಶಾಲೆಗೆ ಹೋಗ್ತೀಯೇನೋ ಮರಿ? ಇದು ಏನು, ಹೇಳು ನೋಡೋಣ."

ಹಿಂದಿನ ವಾರವೇ ಮೇಷ್ಟ್ರು ನಮ್ಮಿಂದ ಎಲೆಗಳನ್ನು ತರಿಸಿ ಹೆಸರು ಕಲಿಸಿದ್ದರು. ಎಲ್ಲವನ್ನೂ ಸರಿಯಾಗಿ ಹೇಳಿದವನು ನಾನೊಬ್ಬನೇ. ನಾನು ಕೈಕಟ್ಟಿ, ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, ಕೂಗಿ ಹೇಳಿದೆ: "ಹಾಲುವಾಣದ ಮರ ಸಾರ್!"

"ಭೇಷ್!" ಎಂದು ಸಾಹೇಬರು ಜೇಬಿನಿಂದ ಪೆಪ್ಪರಮಿಂಟು ತೆಗೆದುಕೊಟ್ಟರು.

"ಮಗ ಚುರುಕಾಗವ್ನೆ ಕಣಯ್ಯಾ," ಎಂದು ರೈಟರ್ ನಕ್ಕರು. "ನಿಂಗೆ ಗೊತ್ತಿಲ್ದಿದ್ದು ಅವ್ನಿಗೆ ಗೊತ್ತೈತೆ."

ಅವ್ವ ಕುಡುಗೋಲು ಬಿಸಾಕಿ ಓಡಿ ಬಂದಳು. "ಕೂಸಿಗೇನು ಗೊತ್ತು ಬುದ್ದಿ, ಈಗ್ಲೇ ಕಿತ್ತಾಕ್ಬುಡ್ತೀವಿ" ಎನ್ನುತ್ತಾ ಒಂದು ಗೂಟವನ್ನು ತಬ್ಬಿ ಎಳೆದಳು. ಅದು ಬರಲಿಲ್ಲ. ಅಪ್ಪ ಸೇರಿಕೊಂಡ. ಇಬ್ಬರೂ ಜಗ್ಗಿದಾಗ ಕೆಸರಿನ ಸಮೇತ ಕಿತ್ತು ಬಂತು. ಬುಡದಲ್ಲಿ ಬಿಳೀ ಬೇರಿನ ಗೊಂಚಲು ಜೋತಾಡುತ್ತಿತ್ತು. ಅವ್ವನ ಸೀರೆಯ ಮೇಲೆ ಅವಳ ಅಂಗೈಯ ರಕ್ತ ಹತ್ತಿತ್ತು.

"ಬೇರು ಬಂದೈತೆ ನೋಡಿ ಸಾರ್," ಎಂದರು ರೈಟರ್.

ಸಾಹೇಬರು ಜೀಪಿನ ಮೂತಿಯ ಮೇಲೆ ಕಾಗದವಿಟ್ಟು, ಕಂಡದ್ದನ್ನೆಲ್ಲ ಬರೆದರು. ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದದ್ದು ಅಕ್ಕನಿಗೆ. ಅವಳು ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಅಪ್ಪ ಕಾಗದವನ್ನು ಅವಳ ಕೈಗೆ ಕೊಟ್ಟ. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಸದರಿ ಗೂಟಗಳು ಮರಗಳೇ ಎಂದು ಗುತ್ತಿಗೆದಾರನ ಮಗನು..." ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಪೆಪ್ಪರಮಿಂಟು ಇತ್ತು. ಉಗಿಯಬೇಕೆಂದು ತೋಚಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ.

ಗುತ್ತಿಗೆ ರದ್ದಾಯಿತು. ನೆಲವನ್ನು ಬೆಳೆಯ ಸಮೇತ ಎಸ್ಟೇಟಿನ ವಶಕ್ಕೆ ಕೊಟ್ಟರು. ಗುಡಿಸಲನ್ನು ನಾವೇ ಬಿಚ್ಚಿದೆವು. ಲೈನಿನಲ್ಲಿ ಮತ್ತೆ ಒಂದು ಕೋಣೆಗಾಗಿ ಅಪ್ಪ ರೈಟರ ಮನೆಯ ಮುಂದೆ ಮೂರು ದಿನ ನಿಂತ. ಹತ್ತನೆಯ ದಿನಕ್ಕೆ ಭತ್ತ ಕೊಯ್ಯಲು ಎಸ್ಟೇಟಿನವರು ಆಳುಗಳನ್ನು ಕರೆದರು. ಆ ಆಳುಗಳಲ್ಲಿ ಅಪ್ಪನೂ ಇದ್ದ, ಅವ್ವನೂ ಇದ್ದಳು. ಅವತ್ತು ಮಸೆದ ಕುಡುಗೋಲಿನಲ್ಲೇ ಅವ್ವ ಕೊಯ್ದಳು. ಹೊರೆಗಳು ಎಸ್ಟೇಟಿನ ಸ್ಟೋರಿಗೆ ಹೋದವು.

ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಮೊದಲೆಲ್ಲ ಸಂಜೆ ಅಪ್ಪ ಕಾಲು ತೊಳೆಯುತ್ತಾ, "ಇವತ್ತೇನು ಕಲ್ತ್ಯೋ ಮಗಾ?" ಎಂದು ಕೇಳುತ್ತಿದ್ದ. ಆ ದಿನದ ನಂತರ ಸಾಯುವವರೆಗೂ ಕೇಳಲಿಲ್ಲ.

ನೀವು ಸರಿಯಾದ ಉತ್ತರ ಹೇಳಿದರೆ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಸರಿಯಾದ ಉತ್ತರಕ್ಕೆ ಮನೆ ಹೋಗಬಹುದು ಎಂಬುದು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಈಗ ಸರ್ಕಾರಿ ಜಾಗದಲ್ಲಿ ಕಾಫಿ ಇಟ್ಟವರಿಗೆ ಅದೇ ಜಾಗವನ್ನು ಎಷ್ಟೋ ವರ್ಷಗಳ ಗುತ್ತಿಗೆಗೆ ಕೊಡುತ್ತಾರಂತೆ. ಮರ ಇದ್ದರೆ ಅದೇ ಸಾಕ್ಷಿಯಂತೆ. ನಮ್ಮ ಆ ಗದ್ದೆ ಇವತ್ತು ಕಾಫಿ ತೋಟ.

ಹೋದ ತಿಂಗಳು ಆ ದಾರಿಯಲ್ಲಿ ಬರುವಾಗ ನೀವು ಕಾರು ನಿಲ್ಲಿಸಲು ಹೇಳಿದಿರಿ. ಶಾಲೆಗೆ ಎಲೆಗಳ ಫೋಟೋ ಬೇಕಿತ್ತು ನಿಮಗೆ. ತೋಟದ ಅಂಚಿನಲ್ಲಿ ಸಾಲಾಗಿ, ನಿಮ್ಮಿಬ್ಬರ ತೋಳಿಗೂ ನಿಲುಕದಷ್ಟು ದಪ್ಪಗೆ, ಮೈತುಂಬ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಅವು ನಿಂತಿದ್ದವು. "ತಾತ, ಇದೇನು?" ಎಂದು ಕೇಳಿದಿರಿ.

"ಗೂಟ" ಎಂದೆ.

ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ.